ಮುಸ್ಕಾದೆ ಸೀಮೆಯ ಸಾವಯವ ಬಿಳಿ ದ್ರಾಕ್ಷಾರಸ

ರಾಸಾಯನಿಕ ಗೊಬ್ಬರಗಳನ್ನೂ ಕಾರ್ಖಾನೆಗಳಲ್ಲಿ ತಯಾರಾಗುವ ಕೃತಕ ಔಷಧಗಳನ್ನೂ ವರ್ಜಿಸಿ ಮಾಡುವ ಬೇಸಾಯಕ್ಕೆ ಸಾವಯವ ಬೇಸಾಯವೆಂದು ಹೆಸರು. ಈ ಹೆಸರು ಕಿವಿಗೆ ಬಿದ್ದೊಡನೆ ರೈತರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಉಂಟಾಗುವುದು ಹಳ್ಳಿಗಳಲ್ಲಿ ಸಂಚರಿಸುವ ಇಲಾಖೆಯವರಿಗೆ ತಿಳಿದ ಸಂಗತಿಯೇ ಆಗಿದೆ. ಇದು ಖರ್ಚಿಲ್ಲದ ಬೇಸಾಯ, ಎಲ್ಲವನ್ನೂ ಪ್ರಕೃತಿಗೆ ಒಪ್ಪಿಸಿ ಕೈಕಟ್ಟಿ ಕುಳಿತರೆ ಸಾಕು, ಎಂದು ಕೆಲವರು ತಿಳಿಯುತ್ತಾರೆ. ಔಷಧವಿಲ್ಲದೆ ಬೆಳೆ ಕೈಗೆ ಹತ್ತುವುದು ಕನಸಿನ ಮಾತು, ಎಂದು ಮತ್ತೆ ಕೆಲವರು ತಲೆಯಾಡಿಸುತ್ತಾರೆ. ಇವುಗಳಲ್ಲಿ ಯಾವುದು ಎಷ್ಟು ನಿಜವೆಂಬುದನ್ನು ನಿರ್ಣಯಿಸಬೇಕಾದರೆ, ರೋಗದ ಬಾಧೆ ಅತಿಯಾಗಿರುವ ಬೆಳೆಯೊಂದನ್ನು, ಅದೂ ಮಳೆ ಹೆಚ್ಚಾದ ಸೀಮೆಯಲ್ಲಿ, ಪರೀಕ್ಷಿಸಿ ನೋಡುವುದು ಯುಕ್ತ. ಫ್ರಾನ್ಸು ದೇಶದ ಪಶ್ಚಿಮ ಕರಾವಳಿಗೆ ಸಮೀಪವಾಗಿ, ಮುಸ್ಕಾದೆ ಎಂಬ ಬಿಳಿ ದ್ರಾಕ್ಷಾರಸವನ್ನು ತಯಾರಿಸುವ ಸೀಮೆಯು ಅಂಥದೊಂದು. ಮದ್ಯಪಾನವನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಬೇಸಾಯಗಾರನು ತಿಳಿಯತಕ್ಕ ಅಂಶಗಳು ಅದರಲ್ಲಿ ಹಲವು ಇರುವುದರಿಂದ ಅದನ್ನು ಇಲ್ಲಿ ವಿವರಿಸಲಾಗಿದೆ.

ಸೀಮೆಯೂ ತಳಿಯೂ

ಫ್ರಾನ್ಸಿನ ನದಿಗಳಲ್ಲೆಲ್ಲಾ ಉದ್ದವಾದ ಲ್ವಾರ್ ನದಿಯು ಅಟ್ಲಾಂಟಿಕ್ ಸಾಗರವನ್ನು ಸೇರುವುದಕ್ಕೆ ಮೊದಲು ನಾಂತ್ ಎಂಬ ನಗರವನ್ನು ಹಾದುಹೋಗುತ್ತದೆ. ಆ ನಗರದ ಆಗ್ನೇಯಕ್ಕೆ ಸೆವ್ರ್ ಮತ್ತು ಮೆನ್ ಎಂಬ ಎರಡು ಚಿಕ್ಕ ಹೊಳೆಗಳು ಹರಿಯುವ ಏರುತಗ್ಗಿನ ಪ್ರದೇಶವೇ ಈ ದ್ರಾಕ್ಷಿಯ ಮುಖ್ಯ ನೆಲೆ. ವರ್ಷಕ್ಕೆ ಸುಮಾರು ೮೦೦ ಮಿಲಿಮೀಟರು ಮಳೆ ಬೀಳುವುದು. ಈ ಮೊತ್ತವು ನಮಗೆ ದೊಡ್ಡದೆಂದು ತೋರಲಿಕ್ಕಿಲ್ಲ. ಆದರೆ ಅದು ನಮ್ಮಲ್ಲಿಯಂತೆ ಕೆಲವು ತಿಂಗಳುಗಳಲ್ಲಿ ಸುರಿದು ನಿಂತುಹೋಗದೆ, ವರ್ಷವಿಡೀ ಹಂಚಿಕೊಂಡು ಬೀಳುವುದರಿಂದ ಎಲೆಗಳು ಪದೇಪದೇ ನೆನೆಯುತ್ತವೆ. ನೆಲದ ಅಡಿಯಲ್ಲಿರುವುದು ಗ್ನೈಸ್, ಗ್ರಾನೈಟ್, ಗ್ಯಾಬ್ರೊ ಮೊದಲಾದ ಹಳೆಯ ಶಿಲೆಗಳು. ಇವುಗಳಲ್ಲಿ ಗ್ನೈಸ್ ಜಾತಿಯ ಕಲ್ಲು ಬೆಂಗಳೂರು, ಕೋಲಾರ ಸೀಮೆಗಳ ನೆಲದಡಿಯಲ್ಲಿಯೂ ವಿಶೇಷವಾಗಿ ಇರುವುದರಿಂದ ನಮಗೆ ಅಪರಿಚಿತವಲ್ಲ.

ಬೆಳೆಯುವ ತಳಿಯು ಒಂದೇ. ಅದಕ್ಕೆ ಮೆಲೋಂ ದ ಬೂರ್ಗೊನ್ ಎಂದು ಹೆಸರು. ಪಿನೋ ಮತ್ತು ಗುವೇ ಬ್ಲಾಂ ಎಂಬ ಎರಡು ಹಳೆಯ ತಳಿಗಳ ಸಂಕರದಿಂದ ಇದು ಹುಟ್ಟಿತೆಂಬುದು ವಂಶವಾಹಿಗಳ ಪರೀಕ್ಷೆಯಿಂದ ತಿಳಿದುಬಂದಿದೆ. ಜಗತ್ಪ್ರಸಿದ್ಧವಾದ ಶಾರ್ಡೊನೆ ತಳಿಯೂ ಇದೇ ತಂದೆತಾಯಿಗಳ ಸಂತಾನ. ಹದಿನೇಳನೆಯ ಶತಮಾನದಲ್ಲಿ ಡಚ್ ವರ್ತಕರು ಭಟ್ಟಿಯಿಳಿಸುವುದಕ್ಕಾಗಿ ಬಿಳಿ ದ್ರಾಕ್ಷಾರಸವನ್ನು ಈ ಸೀಮೆಯಿಂದ ಕೊಳ್ಳುತ್ತಿದ್ದರು. ೧೭೦೯ನೆಯ ಇಸವಿಯ ಘೋರವಾದ ಚಳಿಗಾಲದಲ್ಲಿ ಇಲ್ಲಿಯ ಬಳ್ಳಿಗಳು ಬಹುಮಟ್ಟಿಗೆ ಸತ್ತುಹೋದುವು. ತರುವಾಯ ಚಳಿಯನ್ನು ತಡೆಯಬಲ್ಲ ಮೆಲೋಂ ತಳಿಯನ್ನು ಎಲ್ಲೆಡೆಯಲ್ಲಿಯೂ ನೆಟ್ಟರು. ಸೆವ್ರ್-ಮೆನ್ ಪ್ರದೇಶದ ರಸಕ್ಕೆ ೧೯೩೬ರಲ್ಲಿ ಸರ್ಕಾರದ ಮುದ್ರೆಯುಳ್ಳ ಪ್ರದೇಶನಾಮವು ದೊರೆಯಿತು. ಮಸ್ಕತ್ ಎಂಬ ಪರಿಮಳದ ದ್ರಾಕ್ಷಿಗೂ ಮುಸ್ಕಾದೆಗೂ ಹೆಸರಿನ ಸಾದೃಶ್ಯವೇ ಹೊರತು ಬೇರೆ ಸಂಬಂಧವಿಲ್ಲ.

ಈ ಸೀಮೆಯ ಲೆ ಲಾಂದ್ರೋ ಗ್ರಾಮದಲ್ಲಿ ಗಿ ಬೊಸಾರ್ ಎಂಬ ಬೇಸಾಯಗಾರರು ೧೯೭೦ರ ದಶಕದಲ್ಲಿಯೇ ಸಾವಯವ ಪದ್ಧತಿಯನ್ನು ಹಿಡಿದು, ಕುದುರೆಗಳಿಂದ ಉಳುಮೆ ಮಾಡಿಸಿ, ಒಂದೊಂದು ಶಿಲೆಯ ನೆಲದಲ್ಲಿ ಬೆಳೆದ ಹಣ್ಣಿನ ರಸವನ್ನು ಬೇರೆ ಬೇರೆಯಾಗಿ ಸೀಸೆಗಳಲ್ಲಿ ತುಂಬಿ ಹೆಸರು ಪಡೆದರು. ಅವರ ಮಾರ್ಗವನ್ನು ಈಗ ಅನೇಕರು ಅನುಸರಿಸುತ್ತಿದ್ದಾರೆ.

ತೋಟದ ಕೆಲಸ

ನಮ್ಮ ಕಡೆಯಲ್ಲಿ ದ್ರಾಕ್ಷಿಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲ. ಅದು ಕಾರಣ ಏಪ್ರಿಲ್ ತಿಂಗಳ ಸುಮಾರಿನಲ್ಲಿ ಒಮ್ಮೆಯೂ ಅಕ್ಟೋಬರಿನ ಸುಮಾರಿನಲ್ಲಿ ಒಮ್ಮೆಯೂ, ಹೀಗೆ ವರ್ಷಕ್ಕೆ ಎರಡು ಸಾರಿ ಸವರುವುದು ವಾಡಿಕೆ. ಮುಸ್ಕಾದೆ ಸೀಮೆಯಲ್ಲಿ ಎಲೆಗಳೆಲ್ಲ ಉದುರಿ ಬಳ್ಳಿಯು ಮಲಗಿರುವಾಗ, ಡಿಸೆಂಬರಿನಿಂದ ಮಾರ್ಚಿಯವರೆಗೆ, ಒಂದೇ ಸಾರಿ ಸವರುತ್ತಾರೆ. ಒಂದು ಹೆಕ್ಟೇರಿಗೆ, ಎಂದರೆ ಸುಮಾರು ಎರಡೂವರೆ ಎಕರೆಗೆ, ೬,೫೦೦ರಿಂದ ೭,೦೦೦ ಬಳ್ಳಿಗಳಿರುತ್ತವೆ. ಪ್ರತಿಯೊಂದು ಬಳ್ಳಿಯ ಮುಂದೆಯೂ ಮನುಷ್ಯನು ನಿಂತು, ಈ ಕಡ್ಡಿ ಉಳಿಯಲಿ, ಈ ಕಡ್ಡಿ ಹೋಗಲಿ, ಎಂದು ನಿರ್ಣಯಿಸಬೇಕು. ಈ ಕೆಲಸಕ್ಕೆ ಸಾವಯವ ತೋಟದಲ್ಲಿ ಹೆಚ್ಚಿನ ಮಹತ್ವವುಂಟು. ಏಕೆಂದರೆ ಕಡ್ಡಿಗಳು ದಟ್ಟವಾಗಿ ಉಳಿದರೆ ಎಲೆಗಳ ನಡುವೆ ಗಾಳಿಯಾಡುವುದಿಲ್ಲ. ಗಾಳಿಯಾಡದ ಕಡೆ ತೇವವು ಆರುವುದಿಲ್ಲ. ತೇವವು ಆರದ ಕಡೆ ರೋಗವು ತಪ್ಪುವುದಿಲ್ಲ. ಆದುದರಿಂದ ರೋಗದ ಚಿಕಿತ್ಸೆಯು ಅಲ್ಲಿ ಕತ್ತರಿಯಿಂದಲೇ ಪ್ರಾರಂಭವಾಗುತ್ತದೆ.

ಗೊಬ್ಬರಕ್ಕೆ ಕೊಳೆತ ಕಾಂಪೋಸ್ಟನ್ನೂ ಹಸುರುಗೊಬ್ಬರದ ಬೆಳೆಗಳನ್ನೂ ಉಪಯೋಗಿಸುತ್ತಾರೆ. ದ್ರಾಕ್ಷಿಗೆ ಸಾರಜನಕವು ಮಿತಿಮೀರಿದರೆ ಎಲೆ ಸೊಕ್ಕಿ ಬೆಳೆದು, ರೋಗಕ್ಕೆ ಸುಲಭವಾಗಿ ತುತ್ತಾಗುವುದು. ಸಾಲುಗಳ ನಡುವೆ ಹುಲ್ಲನ್ನು ಬಿಟ್ಟು ಆಗಾಗ ಕೊಯ್ಯುತ್ತಾರೆ, ಅಥವಾ ಸಾಲು ಬಿಟ್ಟು ಸಾಲು ಉಳುತ್ತಾರೆ. ಆದರೆ ಬಳ್ಳಿಯ ಬುಡದಲ್ಲಿ ಬೆಳೆಯುವ ಕಳೆಯೇ ಕಷ್ಟದ್ದು. ಪಕ್ಕದ ಸಾಮಾನ್ಯ ತೋಟಗಾರನು ಕಳೆನಾಶಕವನ್ನು ಸಿಂಪಡಿಸಿ ಅರ್ಧ ದಿನದಲ್ಲಿ ಮುಗಿಸುವ ಕೆಲಸವನ್ನು ಇವನು ನೇಗಿಲಿನಿಂದ ಮಾಡಬೇಕು. ಇದಕ್ಕಾಗಿ ಒಂದು ವಿಶೇಷವಾದ ಕುಂಟೆಯುಂಟು. ಅದರ ಮುಂದಿರುವ ಸಲಾಕೆಯು ಬಳ್ಳಿಯ ಕಾಂಡಕ್ಕೆ ತಗಲಿದೊಡನೆ ಕುಂಟೆಯು ಪಕ್ಕಕ್ಕೆ ಸರಿದು, ಕಾಂಡವನ್ನು ದಾಟಿದ ಮೇಲೆ ಪುನಃ ಸಾಲಿನೊಳಕ್ಕೆ ಬರುವುದು. ಋತುವಿಗೆ ಹಲವು ಸಾರಿ ಹೀಗೆ ಮಾಡದಿದ್ದರೆ ಕಳೆಯು ಹತೋಟಿಗೆ ಬಾರದು.

ಬೂಜುರೋಗ ಮತ್ತು ಬೋರ್ಡೊ ದ್ರಾವಣ

ದ್ರಾಕ್ಷಿಗೆ ತಗಲುವ ರೋಗಗಳಲ್ಲಿ ಎರಡು ಮುಖ್ಯ. ಬೂದಿರೋಗವು ಒಣಹವೆಯಲ್ಲಿಯೂ ಬರುವುದು. ಅದಕ್ಕೆ ಗಂಧಕದ ಪುಡಿಯೇ ಹಿಂದಿನಿಂದ ಬಂದ ಮದ್ದು. ಅದಕ್ಕಿಂತ ಭಯಂಕರವಾದದ್ದು ಎಲೆಯ ಅಡಿಯಲ್ಲಿ ಬೆಳ್ಳಗೆ ಹಬ್ಬುವ ಬೂಜುರೋಗ. ಇದರ ಬೀಜಾಣುಗಳು ಉದುರಿದ ಎಲೆಗಳಲ್ಲಿ ಚಳಿಗಾಲವನ್ನು ಕಳೆಯುತ್ತವೆ. ವಸಂತದಲ್ಲಿ ಚಿಗುರು ೧೦ ಸೆಂಟಿಮೀಟರು ಬೆಳೆದು, ೧೦ ಮಿಲಿಮೀಟರು ಮಳೆ ಬಿದ್ದು, ಶಾಖಮಾನವು ೧೦ ಡಿಗ್ರಿ ಸೆಂಟಿಗ್ರೇಡಿಗೆ ಮೇಲಿದ್ದರೆ ರೋಗವು ಹೊರಡುವುದೆಂದು ಬೇಸಾಯಗಾರರು 'ಮೂರು ಹತ್ತು'ಗಳ ಸೂತ್ರವನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತಾರೆ.

ಈ ರೋಗವು ಅಮೆರಿಕದಿಂದ ಬಂದು ೧೮೭೮ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡಿತು. ಬೋರ್ಡೊ ನಗರದ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮಿಲಾರ್ದೆ ಎಂಬ ವಿದ್ವಾಂಸರು ೧೮೮೨ರಲ್ಲಿ ಒಂದು ವಿಚಿತ್ರವನ್ನು ಗಮನಿಸಿದರು. ದಾರಿಹೋಕರು ಹಣ್ಣನ್ನು ಕದಿಯದಂತೆ, ರಸ್ತೆಯ ಪಕ್ಕದ ಬಳ್ಳಿಗಳಿಗೆ ತೋಟದವರು ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚಿದ್ದರು. ಎಲ್ಲೆಡೆಯೂ ಎಲೆಗಳು ಉದುರಿದ್ದರೂ ಆ ಬಳ್ಳಿಗಳಲ್ಲಿ ಮಾತ್ರ ಹಸುರಾಗಿ ನಿಂತಿದ್ದುವು. ಅವರು ರಸಾಯನಶಾಸ್ತ್ರಜ್ಞರಾದ ಗೇಯೋಂ ಅವರ ಸಹಾಯದಿಂದ ಪ್ರಯೋಗಗಳನ್ನು ನಡೆಸಿ, ೧೮೮೫ರಲ್ಲಿ ಈ ಮದ್ದನ್ನು ಪ್ರಕಟಿಸಿದರು. ಇದೇ ಬೋರ್ಡೊ ದ್ರಾವಣ.

ನಮ್ಮ ಮಲೆನಾಡಿನ ವಾಚಕರಿಗೆ ಇದನ್ನು ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಮೂಲವನ್ನು ಶೋಧಿಸಿ, ಅದರ ನಿವಾರಣೆಗೆ ಬೋರ್ಡೊ ದ್ರಾವಣವನ್ನು ಬಳಕೆಗೆ ತಂದರು. ಕೊಳೆರೋಗದ ಜೀವಿಯೂ ದ್ರಾಕ್ಷಿಯ ಬೂಜಿನ ಜೀವಿಯೂ ದೂರದ ದಾಯಾದಿಗಳು. ಎರಡಕ್ಕೂ ನೀರೇ ಹಾದಿ, ಎರಡಕ್ಕೂ ತಾಮ್ರವೇ ವೈರಿ. ಹೀಗೆ ಫ್ರಾನ್ಸಿನ ದ್ರಾಕ್ಷಿತೋಟದ ಮದ್ದು ನಮ್ಮ ಅಡಿಕೆಯ ಕೊನೆಗಳನ್ನು ಒಂದು ಶತಮಾನಕ್ಕೂ ಮೇಲ್ಪಟ್ಟು ಕಾಪಾಡುತ್ತ ಬಂದಿದೆ.

ಮೈಲುತುತ್ತವೂ ಸುಣ್ಣವೂ ಗಂಧಕವೂ ಖನಿಜ ಪದಾರ್ಥಗಳಾದುದರಿಂದ ಸಾವಯವ ಬೇಸಾಯದ ನಿಬಂಧನೆಗಳು ಅವುಗಳನ್ನು ನಿಷೇಧಿಸುವುದಿಲ್ಲ. ಆದರೆ ತಾಮ್ರಕ್ಕೆ ಒಂದು ದೊಡ್ಡ ಕೊರತೆಯುಂಟು. ಅದು ಎಲೆಯ ಮೇಲೆ ಕುಳಿತು ಕಾವಲು ಮಾಡುವುದೇ ಹೊರತು ಒಳಕ್ಕೆ ಇಳಿದು, ಹೊಕ್ಕ ರೋಗವನ್ನು ಕೊಲ್ಲಲಾರದು. ಜೋರಾದ ಒಂದು ಮಳೆ ಬಿದ್ದರೆ ತೊಳೆದುಹೋಗುವುದು. ಸಿಂಪಡಿಸಿದ ಮೇಲೆ ಹೊರಟ ಚಿಗುರಿಗೆ ಅದರ ರಕ್ಷಣೆಯಿಲ್ಲ. ಆದಕಾರಣ ಸಾವಯವ ಬೇಸಾಯಗಾರನು ಮಳೆಗೆ ಮುಂಚೆಯೇ ಸಿಂಪಡಿಸಿರಬೇಕು. ಆಕಾಶವನ್ನೂ ಹವಾಮಾನದ ವರದಿಯನ್ನೂ ನೋಡುತ್ತ, ಭಾನುವಾರವೆನ್ನದೆ ಹಬ್ಬವೆನ್ನದೆ, ಸಮಯಕ್ಕೆ ಸರಿಯಾಗಿ ತೋಟಕ್ಕೆ ಇಳಿಯಬೇಕು. ಒಂದು ದಿನ ತಡವಾದರೆ ವರ್ಷದ ಫಸಲೇ ಹೋಗಬಹುದು.

ತಾಮ್ರವೆಂಬ ಸಾಲ

ಇಲ್ಲಿಯವರೆಗೆ ಹೇಳಿದ್ದು ತಾಮ್ರದ ಉಪಕಾರ. ಅದರ ಅಪಕಾರವನ್ನೂ ಮರೆಮಾಚದೆ ಹೇಳಬೇಕು. ಕೃತಕ ಔಷಧಗಳಲ್ಲಿ ಅನೇಕವು ಕಾಲಕ್ರಮದಲ್ಲಿ ಒಡೆದು ಬೇರೆ ಪದಾರ್ಥಗಳಾಗುತ್ತವೆ. ತಾಮ್ರವಾದರೋ ಮೂಲವಸ್ತು, ಒಡೆಯುವಂಥದ್ದಲ್ಲ. ಎಲೆಯಿಂದ ತೊಳೆದು ನೆಲಕ್ಕೆ ಬಿದ್ದದ್ದು ಮೇಲುಮಣ್ಣಿನಲ್ಲಿಯೇ ಅಂಟಿಕೊಂಡು, ವರ್ಷ ವರ್ಷಕ್ಕೂ ಶೇಖರವಾಗುತ್ತ ಹೋಗುವುದು. ಯೂರೋಪಿನ ಹಳೆಯ ದ್ರಾಕ್ಷಿತೋಟಗಳ ಮಣ್ಣಿನಲ್ಲಿ ಅಜ್ಜನ ಕಾಲದಲ್ಲಿ ಹೊಡೆದ ತಾಮ್ರವು ಮೊಮ್ಮಗನ ಕಾಲಕ್ಕೂ ಉಳಿದುಕೊಂಡಿದೆ. ಪ್ರಮಾಣವು ಮೀರಿದಾಗ ಎರೆಹುಳುಗಳಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಹಾನಿಯುಂಟಾಗುವುದು. ಹುಳಿಮಣ್ಣಿನಲ್ಲಿ ಈ ಹಾನಿಯು ಇನ್ನೂ ಹೆಚ್ಚು. ಮಣ್ಣಿನ ಜೀವವನ್ನು ಉಳಿಸುವುದೇ ಸಾವಯವ ಬೇಸಾಯದ ಗುರಿಯಾಗಿರುವಾಗ, ಅದರ ಮುಖ್ಯವಾದ ಮದ್ದೇ ಆ ಜೀವಕ್ಕೆ ಶತ್ರುವಾಗಬಹುದೆಂಬುದು ಯೋಚಿಸತಕ್ಕ ವಿಷಯ.

ಇದನ್ನು ತಿಳಿದೇ ಯೂರೋಪಿನ ಒಕ್ಕೂಟವು ತಾಮ್ರಕ್ಕೆ ಅಳತೆಯನ್ನು ಗೊತ್ತುಮಾಡಿ, ಅದನ್ನು ಕ್ರಮೇಣ ಇಳಿಸುತ್ತ ಬಂದಿದೆ. ೨೦೦೨ರಲ್ಲಿ ಸಾವಯವ ತೋಟಗಳಿಗೆ ಹೆಕ್ಟೇರಿಗೆ ವರ್ಷಕ್ಕೆ ೮ ಕಿಲೋಗ್ರಾಂ ಎಂದಿದ್ದುದು ೨೦೦೬ರಿಂದ ೬ ಕಿಲೋಗ್ರಾಂ ಆಯಿತು. ೨೦೧೯ರಿಂದ ೭ ವರ್ಷಗಳಿಗೆ ಒಟ್ಟು ೨೮ ಕಿಲೋಗ್ರಾಂ, ಎಂದರೆ ವರ್ಷಕ್ಕೆ ಸರಾಸರಿ ೪ ಕಿಲೋಗ್ರಾಂ, ಎಂಬ ಮಿತಿಯು ಸಾವಯವವೆನ್ನದೆ ಎಲ್ಲ ಬೇಸಾಯಕ್ಕೂ ಅನ್ವಯಿಸಿತು. ಇದು ಶುದ್ಧ ತಾಮ್ರದ ತೂಕ. ಮೈಲುತುತ್ತದಲ್ಲಿ ತಾಮ್ರವು ಸುಮಾರು ನಾಲ್ಕನೆಯ ಒಂದು ಭಾಗ ಮಾತ್ರ ಇರುವುದರಿಂದ, ೪ ಕಿಲೋಗ್ರಾಂ ತಾಮ್ರವೆಂದರೆ ಸುಮಾರು ೧೬ ಕಿಲೋಗ್ರಾಂ ಮೈಲುತುತ್ತವೆಂದಾಯಿತು. ಎಕರೆಯ ಲೆಕ್ಕಕ್ಕೆ ತಂದರೆ ಇದು ಸುಮಾರು ೬.೪ ಕಿಲೋಗ್ರಾಂ. ನೂರಕ್ಕೆ ಒಂದರ ಬಲದ ದ್ರಾವಣವನ್ನು ಇದರಿಂದ ಎಕರೆಗೆ ವರ್ಷವೆಲ್ಲಕ್ಕೂ ೬೪೦ ಲೀಟರು ಮಾತ್ರ ತಯಾರಿಸಬಹುದು.

ಈ ಮಿತಿಯೊಳಗೆ ಬೆಳೆಯನ್ನು ಕಾಪಾಡುವುದೇ ಮುಸ್ಕಾದೆಯ ಬೇಸಾಯಗಾರನ ನಿಜವಾದ ಪರೀಕ್ಷೆ. ಅವನು ಒಂದೊಂದು ಸಾರಿಗೆ ಹೆಕ್ಟೇರಿಗೆ ೪೦೦ ಗ್ರಾಂ ತಾಮ್ರವನ್ನು ಖರ್ಚುಮಾಡಿದರೆ ೧೦ ಸಿಂಪರಣೆಗಳಿಗೆ ವರ್ಷದ ಪಾಲು ಮುಗಿಯಿತು. ಆದುದರಿಂದ ತೆಳುವಾಗಿ, ಎಲೆಯ ಎರಡು ಮಗ್ಗುಲಿಗೂ ತಗಲುವಂತೆ ಸಿಂಪಡಿಸುತ್ತಾನೆ. ಬುಡದ ಚಿಗುರುಗಳನ್ನು ಮುರಿದು ನೆಲದ ಹನಿ ಸಿಡಿಯದಂತೆ ನೋಡಿಕೊಳ್ಳುತ್ತಾನೆ. ಗೊಂಚಲುಗಳ ಸುತ್ತಲಿನ ಎಲೆಗಳನ್ನು ಕೀಳುತ್ತಾನೆ. ಒಣವರ್ಷದಲ್ಲಿ ಉಳಿಸಿದ ತಾಮ್ರವನ್ನು ಮಳೆವರ್ಷಕ್ಕೆ ಮೀಸಲಿಡುತ್ತಾನೆ. ಇಷ್ಟಾದರೂ ಕೆಲವು ವರ್ಷಗಳಲ್ಲಿ ಸೋಲು ತಪ್ಪುವುದಿಲ್ಲ. ೨೦೧೬ರ ಏಪ್ರಿಲ್ ಕೊನೆಯಲ್ಲಿಯೂ ೨೦೨೧ರ ಏಪ್ರಿಲ್ ಮೊದಲಿನಲ್ಲಿಯೂ ಬಿದ್ದ ಇಬ್ಬನಿಗಡ್ಡೆಯು ಈ ಸೀಮೆಯ ಚಿಗುರುಗಳನ್ನು ಸುಟ್ಟಿತು. ೨೦೨೪ರಲ್ಲಿ ವಸಂತದಿಂದಲೂ ಮಳೆ ಹಿಡಿದು, ಫ್ರಾನ್ಸಿನ ಅನೇಕ ದ್ರಾಕ್ಷಿಸೀಮೆಗಳಲ್ಲಿ ಬೂಜುರೋಗವು ವಿಪರೀತವಾಯಿತು. ಅಂಥ ಕಾಲದಲ್ಲಿ ಪಕ್ಕದ ತೋಟಗಾರನು ಒಳಕ್ಕೆ ಇಳಿಯುವ ಕೃತಕ ಔಷಧವನ್ನು ಹೊಡೆದು ಫಸಲನ್ನು ಉಳಿಸಿಕೊಳ್ಳುವುದನ್ನು ಇವನು ಬೇಲಿಯ ಈಚೆಯಿಂದ ನೋಡುತ್ತ ನಿಲ್ಲಬೇಕು. ಒಂದೇ ಒಂದು ಸಾರಿ ತಾನೂ ಹಾಗೆ ಮಾಡಿದರೆ ಆ ತೋಟದ ಸಾವಯವ ಮುದ್ರೆಯು ಹೋಗಿ, ಮೂರು ವರ್ಷಗಳ ಪರಿವರ್ತನೆಯ ಅವಧಿಯನ್ನು ಮೊದಲಿನಿಂದ ಕಳೆಯಬೇಕಾಗುವುದು. ಫಸಲು ಬೇಕೋ ಮಾತು ಬೇಕೋ ಎಂಬ ಈ ಸಂಕಟವನ್ನು ಅರಿಯದವರು ಸಾವಯವ ಬೇಸಾಯವನ್ನು ಸುಲಭವೆಂದು ಹೇಳಲಾಗದು.

ಸುಗ್ಗಿ ಮತ್ತು ರಸದ ತಯಾರಿಕೆ

ಹಣ್ಣು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಕೊಯ್ಲಿಗೆ ಬರುವುದು. ಯಂತ್ರದಿಂದ ಕೊಯ್ಯುವುದು ಈ ಸೀಮೆಯಲ್ಲಿ ಬಹಳವಾಗಿ ರೂಢಿಯಲ್ಲಿದ್ದರೂ, ಸಾವಯವ ಬೇಸಾಯಗಾರರಲ್ಲಿ ಅನೇಕರು ಕೈಯಿಂದಲೇ ಕೊಯ್ಯಿಸುತ್ತಾರೆ. ಕೊಳೆತ ಹಣ್ಣನ್ನು ಅಲ್ಲಿಯೇ ಆರಿಸಿ ಬಿಡುವುದಕ್ಕೆ ಇದರಿಂದ ಅನುಕೂಲ. ಒಡೆಯದ ಹಣ್ಣಿಗೆ ಗಾಳಿ ತಗಲಿ ರಸವು ಕೆಡುವುದೂ ತಪ್ಪುವುದು. ಹೆಕ್ಟೇರಿಗೆ ಸುಮಾರು ೫,೫೦೦ ಲೀಟರುಗಳಿಗಿಂತ ಹೆಚ್ಚು ರಸವನ್ನು ಈ ಪ್ರದೇಶನಾಮದಿಂದ ಮಾರಕೂಡದೆಂಬ ನಿಯಮವುಂಟು.

ಬಿಳಿ ರಸಕ್ಕೆ ಸಿಪ್ಪೆಯನ್ನು ರಸದೊಡನೆ ನೆನೆಸುವುದಿಲ್ಲ. ಗೊಂಚಲುಗಳನ್ನು ಬಂದೊಡನೆ ಒತ್ತುಯಂತ್ರಕ್ಕೆ ಹಾಕಿ ಮೆಲ್ಲಗೆ ಹಿಂಡಿ, ರಸವನ್ನು ತಂಪಿನಲ್ಲಿ ಒಂದು ರಾತ್ರಿ ನಿಲ್ಲಿಸಿದರೆ ಮಣ್ಣು, ಸಿಪ್ಪೆಯ ಚೂರು ಮೊದಲಾದವು ತಳಕ್ಕೆ ಇಳಿಯುತ್ತವೆ. ತಿಳಿಯಾದ ರಸವನ್ನು ಬೇರೆ ತೊಟ್ಟಿಗೆ ತಿರುಗಿಸುತ್ತಾರೆ. ನೆಲದೊಳಗೆ ಕಟ್ಟಿ, ಒಳಗೆ ಗಾಜಿನ ಬಿಲ್ಲೆಗಳನ್ನು ಹೊದಿಸಿದ ಕಾಂಕ್ರೀಟು ತೊಟ್ಟಿಗಳು ಈ ಸೀಮೆಯ ವಿಶೇಷ; ನೆಲದ ತಂಪು ಅವಕ್ಕೆ ವರ್ಷವೆಲ್ಲ ದೊರೆಯುವುದು. ಇಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು, ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಬಿಡುತ್ತವೆ. ಇಡ್ಲಿಯ ಹಿಟ್ಟು ರಾತ್ರಿಯಲ್ಲಿ ಉಬ್ಬುವುದನ್ನು ಕಂಡವರಿಗೆ ಹುದುಗುವಿಕೆಯು ಹೊಸದಲ್ಲ. ಬೇರೆ ಕಡೆ ಕೊಂಡುತಂದ ಯೀಸ್ಟನ್ನು ಬೆರೆಸುವುದು ರೂಢಿ. ಸಾವಯವದವರಲ್ಲಿ ಅನೇಕರು ಹಣ್ಣಿನ ಸಿಪ್ಪೆಯ ಮೇಲೆಯೂ ತೊಟ್ಟಿಮನೆಯಲ್ಲಿಯೂ ಸಹಜವಾಗಿರುವ ಯೀಸ್ಟಿಗೇ ಕೆಲಸವನ್ನು ಒಪ್ಪಿಸುತ್ತಾರೆ. ಒಂದು ಲೀಟರಿನಲ್ಲಿರುವ ಸುಮಾರು ೧೭ ಗ್ರಾಂ ಸಕ್ಕರೆಯಿಂದ ನೂರಕ್ಕೆ ಒಂದು ಪಾಲು ಮದ್ಯಸಾರವಾಗುವ ಲೆಕ್ಕದಂತೆ, ಸಿದ್ಧವಾದ ರಸದಲ್ಲಿ ಸಾಮಾನ್ಯವಾಗಿ ನೂರಕ್ಕೆ ೧೨ರ ಸುಮಾರಿನಲ್ಲಿ ಇರುವುದು.

ಗಸಿಯ ಉಪಕಾರ

ಹುದುಗುವುದು ಮುಗಿದ ಮೇಲೆ ಸತ್ತ ಯೀಸ್ಟು ತೊಟ್ಟಿಯ ತಳದಲ್ಲಿ ಗಸಿಯಾಗಿ ಕೂರುತ್ತದೆ. ಬೇರೆ ಸೀಮೆಗಳಲ್ಲಿ ಮೇಲಿನ ತಿಳಿಯನ್ನು ಬೇಗನೆ ಬೇರ್ಪಡಿಸುವುದುಂಟು. ಮುಸ್ಕಾದೆಯವರು ಹಾಗೆ ಮಾಡದೆ ಚಳಿಗಾಲವೆಲ್ಲ ರಸವನ್ನು ಗಸಿಯ ಮೇಲೆಯೇ ಬಿಟ್ಟು, ಮುಂದಿನ ಮಾರ್ಚಿ ತಿಂಗಳಿನಿಂದ ಅಲ್ಲಿಂದ ನೇರವಾಗಿ ಸೀಸೆಗಳಿಗೆ ತುಂಬುತ್ತಾರೆ. ೨೦೧೧ರಲ್ಲಿ ವಿಶೇಷ ಮಾನ್ಯತೆ ಪಡೆದ ಕ್ಲಿಸ್ಸೋಂ, ಗೋರ್ಜ್ ಎಂಬ ಗ್ರಾಮಗಳ ರಸವು ಎರಡು ವರ್ಷಗಳಷ್ಟು ಕಾಲ ಗಸಿಯ ಮೇಲೆ ಇರುತ್ತದೆ. ಗಸಿಯು ಮೆಲ್ಲಗೆ ಕರಗಿ, ತೆಳುವಾದ ರಸಕ್ಕೆ ಪುಷ್ಟಿಯನ್ನು ಕೊಡುವುದು. ಅಲ್ಲದೆ ರಸಕ್ಕೆ ಸೇರುವ ಆಮ್ಲಜನಕವನ್ನು ಅದು ತಾನೇ ಹೀರಿಕೊಂಡು ರಸವು ಕೆಡದಂತೆ ಕಾಯುವುದು.

ಈ ಎರಡನೆಯ ಗುಣವೇ ನಮ್ಮ ವಿಷಯಕ್ಕೆ ಮುಖ್ಯ. ದ್ರಾಕ್ಷಾರಸವು ಕಂದುಗಟ್ಟದಂತೆಯೂ ಹುಳಿಯಾಗದಂತೆಯೂ ಗಂಧಕದ ಹೊಗೆಯಿಂದಾಗುವ ಸಲ್ಫೈಟನ್ನು ಎಲ್ಲೆಡೆಯಲ್ಲಿಯೂ ಬೆರೆಸುತ್ತಾರೆ. ತೋಟದಲ್ಲಿ ತಾಮ್ರವು ಹೇಗೋ ತೊಟ್ಟಿಮನೆಯಲ್ಲಿ ಇದು ಹಾಗೆ: ಬಿಡಲಾಗದ, ಆದರೆ ಅಳತೆಯಿಲ್ಲದೆ ಬಳಸಲೂ ಆಗದ ಮದ್ದು. ೨೦೧೨ಕ್ಕೆ ಮೊದಲು ಯೂರೋಪಿನಲ್ಲಿ 'ಸಾವಯವ ದ್ರಾಕ್ಷಿಯಿಂದ ಮಾಡಿದ ರಸ' ಎಂದು ಮಾತ್ರ ಬರೆಯಬಹುದಾಗಿತ್ತು. ತಯಾರಿಕೆಗೆ ಸಾವಯವದ ನಿಯಮವೇ ಇರಲಿಲ್ಲ. ಆ ವರ್ಷದ ಆಗಸ್ಟಿನಿಂದ ಜಾರಿಗೆ ಬಂದ ನಿಬಂಧನೆಯಂತೆ, ಸಿಹಿಯುಳಿಯದ ಸಾವಯವ ಬಿಳಿ ರಸದಲ್ಲಿ ಲೀಟರಿಗೆ ೧೫೦ ಮಿಲಿಗ್ರಾಂ ಮೀರಕೂಡದು. ಸಾಮಾನ್ಯ ಬಿಳಿ ರಸಕ್ಕೆ ಈ ಮಿತಿಯು ೨೦೦. ಗಸಿಯ ಕಾವಲಿರುವುದರಿಂದ ಮುಸ್ಕಾದೆಯ ನಿಪುಣರು ಈ ಮಿತಿಗಿಂತ ಬಹಳ ಕೆಳಗೆ ನಿಲ್ಲಬಲ್ಲರು. ಎಸೆಯತಕ್ಕ ಪದಾರ್ಥವೆಂದು ತೋರುವುದನ್ನೇ ಉಳಿಸಿಕೊಂಡು ಮದ್ದಿನ ಖರ್ಚನ್ನು ಇಳಿಸಿದ ಈ ಉಪಾಯವು ಮೆಚ್ಚತಕ್ಕದ್ದು.

ನಾವು ತಿಳಿಯತಕ್ಕದ್ದು

ಮೇಲೆ ಹೇಳಿದ ಸಂಗತಿಗಳಿಂದ ಸಾವಯವ ಬೇಸಾಯವೆಂದರೆ ಮದ್ದಿಲ್ಲದ ಬೇಸಾಯವಲ್ಲವೆಂದು ಸ್ಪಷ್ಟವಾಗುವುದು. ಮದ್ದು ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಕತ್ತರಿ, ಕುಂಟೆ, ಕಣ್ಣು ಮತ್ತು ಸಮಯಜ್ಞಾನಗಳಿಗೆ ವಹಿಸಿ, ಉಳಿದ ಸ್ವಲ್ಪಕ್ಕೆ ಲೆಕ್ಕವಿಟ್ಟು ನಡೆಯುವ ಬೇಸಾಯವೇ ಅದು. ಕೂಲಿಯು ಹೆಚ್ಚು, ಇಳುವರಿಯು ಅನೇಕ ವೇಳೆ ಕಡಿಮೆ. ಸರಕಿಗೆ ಹೆಚ್ಚಿನ ಬೆಲೆ ಬಾರದಿದ್ದರೆ ಅದು ನಿಲ್ಲಲಾರದು. ಇದನ್ನು ಮೊದಲೇ ತಿಳಿದು ಕೈಹಾಕುವವನು ನಿರಾಶನಾಗುವುದಿಲ್ಲ.

ನಮ್ಮ ಅಡಿಕೆ, ಕಾಫಿ, ಮೆಣಸು, ದ್ರಾಕ್ಷಿಗಳ ತೋಟಗಾರರು, ಸಾವಯವ ಮುದ್ರೆಯ ಅಪೇಕ್ಷೆ ಇರಲಿ ಇಲ್ಲದಿರಲಿ, ಮುಸ್ಕಾದೆಯವರಿಂದ ಮೂರು ಪಾಠಗಳನ್ನು ಕಲಿಯಬಹುದು. ೧. ಬೋರ್ಡೊ ದ್ರಾವಣಕ್ಕೆ ಬಳಸಿದ ಮೈಲುತುತ್ತದ ತೂಕವನ್ನೂ ತಾರೀಖನ್ನೂ ತೋಟವಾರು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ವರ್ಷದ ಕೊನೆಯಲ್ಲಿ ಅದನ್ನು ನಾಲ್ಕರಿಂದ ಭಾಗಿಸಿದರೆ ಮಣ್ಣಿಗೆ ಹೋದ ತಾಮ್ರವು ಎಷ್ಟೆಂದು ಗೊತ್ತಾಗುವುದು. ೨. ಮಲೆನಾಡಿನ ಮಣ್ಣು ಸಾಮಾನ್ಯವಾಗಿ ಹುಳಿಯಾದುದರಿಂದ ಮಣ್ಣಿನ ಪರೀಕ್ಷೆ ಮಾಡಿಸುವಾಗ ಹುಳಿಯ ಪ್ರಮಾಣದೊಡನೆ ತಾಮ್ರದ ಅಂಶವನ್ನೂ ಕೇಳಿ ತಿಳಿದು, ಸಲಹೆಯಂತೆ ಸುಣ್ಣವನ್ನು ಹಾಕತಕ್ಕದ್ದು. ೩. ಸಿಂಪರಣೆಯ ಸಂಖ್ಯೆಯನ್ನು ಹೆಚ್ಚಿಸುವುದಕ್ಕೆ ಮುಂಚೆ ಗಾಳಿಬೆಳಕು, ನೀರುಗಾಲುವೆ, ರೋಗ ತಗಲಿ ಬಿದ್ದ ಕಾಯಿ-ಎಲೆಗಳ ವಿಲೇವಾರಿ, ಇವುಗಳನ್ನು ಸರಿಪಡಿಸತಕ್ಕದ್ದು.

ಕೊಳೆರೋಗಕ್ಕೆ ಹೆದರಿ ತಾಮ್ರವನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ; ಬಿಟ್ಟರೆ ಮಲೆನಾಡಿನ ಎಷ್ಟೋ ಕುಟುಂಬಗಳ ಅನ್ನವೇ ಹೋಗುವುದು. ಆದರೆ ಬಂಡವಾಳದಂತೆ ಮಣ್ಣೂ ನಮಗೆ ಹಿರಿಯರಿಂದ ಬಂದು ಮಕ್ಕಳಿಗೆ ಹೋಗತಕ್ಕ ಆಸ್ತಿ. ಅದರ ಮೇಲೆ ಮಾಡಿದ ಸಾಲಕ್ಕೆ ಪತ್ರವಿಲ್ಲದಿದ್ದರೂ ವಸೂಲಿಯು ತಪ್ಪುವುದಿಲ್ಲ. ಆದುದರಿಂದ ಮುಂಗಾರು ಹಿಡಿಯುವುದಕ್ಕೆ ಮೊದಲು ಈ ಲೆಕ್ಕದ ಪುಸ್ತಕವನ್ನು ಪ್ರಾರಂಭಿಸಿ, ಸಂದೇಹವಿದ್ದಲ್ಲಿ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳಬೇಕೆಂದು ರೈತಬಾಂಧವರಲ್ಲಿ ಬಿನ್ನಹ.